ಡಬ್ಬದೊಳಗೆ ಬಿಟ್ಟದ್ದು

ಅಲ್ಲ ಅಕ್ಕಾ, ಶನಿವಾರ ಅಲ್ಲ, ಸೋಮವಾರ! ಕಡ್ಲೆಕಾಯಿ ಪರಿಷೆ ಸೋಮವಾರ. ನಾನು ಮೊದಲನೇ ಸಲ ಮನೆ ಬಿಟ್ಟು ಹೋದ ದಿನ ನನಗೆ ಗೊತ್ತಿರಲ್ವಾ? ಯೂನಿಫಾರಂ ಹಾಕ್ಕೊಂಡು ಸ್ಕೂಲಿಗೇ ಅಂತ ಹೊರಟೋನು, ಬಸವನಗುಡೀಲಿ ಆ ಜನ ನೋಡಿ ಒಳಗೆ ನುಗ್ಗಿದೆ. ಸಾಯಂಕಾಲ ಕಾಯಿ ಇಳಿಸಿ ಖಾಲಿಯಾದ ಲಾರಿ ಒಂದು ಹೊರಡ್ತಾ ಇತ್ತು. ಹತ್ತಿದೆ. ಅಷ್ಟೇ! ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ... ಲಾರಿ ಹೊರಡ್ತಾ ಇತ್ತು, ನಾನು ಹತ್ತಿದೆ. ಏಳನೇ ಕ್ಲಾಸು ಅಲ್ಲಿಗೆ ಮುಗೀತು. ನೀನು ಹೇಳ್ತಿರೋ ಶನಿವಾರ ಎರಡನೇ ಸಲದ್ದು. ಆವಾಗ ನೀನು ಮೆಜೆಸ್ಟಿಕ್‌ವರೆಗೂ ಹುಡುಕ್ಕೊಂಡು ಬಂದಿದ್ದೆ... ಹೂಂ, ಗೊತ್ತು. ಚಪ್ಪಲಿ ಕಿತ್ತು ಹೋಗಿ ಬರಿಗಾಲಲ್ಲಿ ವಾಪಸ್ ಹೋದೆ ಅಂತ ಅಮ್ಮ ಹೇಳಿದ್ಲು.

ಅದನ್ನ ಬಿಡು. ನಾನು ಹೇಳ್ತಿದ್ದಿದ್ದು ಏನಂದ್ರೆ, ನನ್ನ ಕಾಲಿನ ಗುಣವೇ ಅಂಥದ್ದು. ಇವತ್ತು ಭಾವ ಹೊರಡು ಅಂದ್ರೆ ನನಗೇನೂ ಬೇಜಾರಿಲ್ಲ. ವರ್ಷ ತುಂಬೋವರೆಗೂ ಒಂದೇ ಕಡೆ ಇದ್ದೆನಲ್ಲ, ಅದೇ ಹೆಚ್ಚು! ಅಂಗಾಲು ಆಗಲೇ ತುರಿಸ್ತಾ ಇದೆ... ಯಾಕೆ ನಗ್ತೀಯಾ? ನಿಜವಾಗ್ಲೂ ತುರಿಸ್ತಿದೆ. ಸೊಳ್ಳೆ ಅಲ್ಲ!

ಆ ಮೊರ ಸ್ವಲ್ಪ ಆಚೆ ಎಳ್ಕೋ. ನೀನು ಹಿತುಕಿದ ಹಾಗೆಲ್ಲ ಅವರೆಕಾಳು ಚಂಗನೆ ಹಾರಿ ಬರ್ತಿದೆ. ಇದರೊಳಗೆ ಬಿದ್ರೆ... ಬಿದ್ರೆ ಏನಾಗುತ್ತೆ, ಕಂಪ್ಯೂಟರಿನ ಈ ಸತ್ತಿರೋ ಎಸ್‌ಎಂಪಿಎಸ್‌ಗೆ? ಆದ್ರೂ ಎಳ್ಕೋ. ಭಾವ ಬರೋದ್ರೊಳಗೆ ಇದನ್ನ ಬಿಚ್ಚಿ ನೋಡಿ ತೀರ್ಪು ಸಿದ್ಧ ಮಾಡ್ಕೋಬೇಕು ನಾನು. ಜೆಪಿ ನಗರದವರ ಗೃಹಪ್ರವೇಶದ ಕಾರ್ಡು ನಮ್ಮ ಕೈಲಿ ಆಗಲ್ಲ, ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳೋಕೆ ಹೋಗಿದಾರೆ ಪಾಪ. ಫೋನಲ್ಲಿ ಹೇಳೋ ಮಾತಲ್ಲ, ಎದುರಿಗೆ ಹೋಗಿ ಕೈ ಮುಗಿದು ಹೇಳ್ತೀನಿ ಅಂತ ಹೊರಟ್ರು. ನಮ್ಮ ಭಾವ ಪರಮಶಿವಯ್ಯ ಅಂದ್ರೆ ಪದ್ಮನಾಭನಗರದಲ್ಲಿ ಕೊಟ್ಟ ಮಾತಿಗೆ ನಿಲ್ಲೋ ಮನುಷ್ಯ! ಹೆಸರಿಡೋದ್ರಿಂದ ಹಿಡಿದು ವೈಕುಂಠ ಸಮಾರಾಧನೆವರೆಗೂ ಈ ಏರಿಯಾದ ಕಾರ್ಡೆಲ್ಲ ಈ ಮುಂದಿನ ರೂಮಿಂದಾನೇ ಹೋಗಿದ್ದು. ಮಾಡಿಟ್ಟ ಡಿಸೈನೆಲ್ಲ ಆ ಕಂಪ್ಯೂಟರ್ ಡಿಸ್ಕಲ್ಲಿತ್ತು. ಇದು ಢಂ ಅಂದಾಗ ಡಿಸ್ಕನ್ನೂ ಜೊತೇಲಿ ಕರ್ಕೊಂಡು ಹೋಯ್ತು.

ಭಾವ ಹೇಳಿದ್ದು ಕೇಳಿಸ್ತಲ್ಲ ನಿನ್ನೆ? ನೀನು ಒಳಗೆ ಒಗ್ಗರಣೆ ಹಾಕ್ತಿದ್ದೆ... ಹಂಗಾದ್ರೆ ಕೇಳು. "ಚನ್ನವೀರ, ಈ ಡಬ್ಬ ಆರಿಸಿ ತಂದೋನು ನೀನು. ನೀನೇ ಬಿಚ್ಚು. ಒಳಗಡೆ ಕಳಪೆ ಅಂತಾದ್ರೆ, ಸಾಮಾನು ನೋಡಿ ತರೋ ಯೋಗ್ಯತೆ ನಿನಗಿಲ್ಲ ಅಂತ ಅರ್ಥ. ಆ ಹಿಂದಿನ ರೂಮು ಖಾಲಿ ಮಾಡು. ಒಳಗಡೆ ಗಟ್ಟಿಯಾಗಿದ್ರೆ, ಈ ಮನೇಲಿ ಇನ್ಯಾರು ಏನು ಮಾಡಿದ್ರು ಅಂತ ನಾನು ವಿಚಾರಿಸ್ತೀನಿ." ಎಷ್ಟು ನೀಟಾಗಿ ಹೇಳಿದ್ರು ನೋಡು. ಕೋರ್ಟಲ್ಲೂ ಹಿಂಗೆ ಹೇಳಲ್ಲ.

ತೀರ್ಪು ಏನು ಅಂತ ನನಗೆ ಬಿಚ್ಚೋಕೆ ಮುಂಚೇನೇ ಗೊತ್ತು. ಕಳಪೆ! ನೂರಕ್ಕೆ ನೂರು ಕಳಪೆ. ಆದ್ರೂ ಬಿಚ್ಚಿ ತೋರಿಸ್ಬೇಕಲ್ಲ, ಅದಕ್ಕೆ... ಏಯ್, ಮುಟ್ಟಬೇಡ! ಕೈ ತೆಗಿ, ತೆಗಿ! ಪ್ಲಗ್ ಕಿತ್ತಿದ್ರೂ ಒಳಗೆ ಕರೆಂಟ್ ಕೂತಿರುತ್ತೆ ಅಕ್ಕಾ. ಗೋಡೆಯಿಂದ ಬರೋ ಕರೆಂಟು ತಗೊಂಡು, ಕಂಪ್ಯೂಟರಿಗೆ ಎಷ್ಟು ಬೇಕೋ ಅಷ್ಟೇ ಅಳೆದು ಬಡಿಸೋ ಡಬ್ಬ ಇದು. ಬಡಿಸಿ ಉಳಿದಿದ್ದನ್ನ ತಾನೇ ಇಟ್ಕೊಂಡಿರುತ್ತೆ. ಮೊದಲು ಈ ಬಲ್ಬು ಅಡ್ಡ ಕೊಟ್ಟು ಅದನ್ನ ಇಳಿಸ್ಬೇಕು. ನೋಡು... ಹಿಂಗೆ... ಮಿಣಕ್ ಅನ್ನಲೇ ಇಲ್ಲ. ತಾನೇ ಇಳಿಸ್ಕೊಂಡಿದೆ. ಒಳ್ಳೆ ಮಾಲಾದ್ರೆ ತಾನೇ ಇಳಿಸ್ಕೊಳ್ಳೋ ಹಾಗೆ...

ಅಂದ್ರೆ... ಕೆಟ್ಟ ಮಾಲೂ ಒಂದೊಂದು ಸಲ ಇಳಿಸ್ಕೊಳ್ಳುತ್ತೆ. ಗ್ರಹಚಾರ!

ಏನು ನೋಡ್ತಿದೀಯಾ? ಈ ಸ್ಟಿಕ್ಕರಾ? "ತೆಗೆದರೆ ವಾರಂಟಿ ಇಲ್ಲ". ಹರಿದೆ, ಇನ್ನೇನು ಮಾಡೋದು! ಎಸ್‌ಪಿ ರೋಡಲ್ಲಿ ಅಂಗಡಿಯವನಿಗೆ ಹೇಳಿದ್ದೆ, ಗುರು, ಒಂದನ್ನ ಬಿಚ್ಚಿ ತೋರ್ಸು ಅಂತ. ಅವನು ನಕ್ಕ. "ಹೆಣ್ಣು ನೋಡೋಕೆ ಬಂದೋರು ಎಕ್ಸ್‌ರೇ ಕೇಳಿದ ಹಾಗಾಯ್ತು ಅಣ್ಣಾ" ಅಂದ. ಆಮೇಲೆ ನಾನು ಮೊಬೈಲ್ ಟಾರ್ಚ್ ಹಿಡಿದು, ಫ್ಯಾನ್ ಜಾಲರಿ ಸಂದೀಲಿ ಕಣ್ಣಿಟ್ಟು, ಒಂದಾದ ಮೇಲೆ ಒಂದು... ಸಾಲಾಗಿ ಅಷ್ಟೂ ಅಂಗಡಿ ಸುತ್ತಿದೆ. ಕಮ್ಮೀದು ತಾ ಅಂದೋರು ಭಾವ. ಕಮ್ಮೀದ್ರಲ್ಲೂ ಒಳಗೆ ಸಾಮಾನು ಇರೋದು ತರ್ಬೇಕು ಅನ್ನೋದು ನನ್ನ ಹಟ. ಒಬ್ಬ ಅಂಗಡಿಯವನಂತೂ, ಇವನು ಕಳ್ಳ ಇರ್ಬೇಕು ಅಂತ ಶಟರ್ ಅರ್ಧ ಎಳೆದುಬಿಟ್ಟ!

ನಗು, ನಗು. ನೀನು ನಕ್ಕು ಎಷ್ಟು ಹೊತ್ತಾಯ್ತು.

ಬಾ ಇಲ್ಲಿ, ಹೇಳಿಕೊಡ್ತೀನಿ ಹೆಂಗೆ ನೋಡೋದು ಅಂತ. ಮೊದಲು ತೂಕ. ಕೈಲಿ ಹಿಡಿ. ಮಾರ್ಕೆಟಲ್ಲಿ ಎಲ್ಲರೂ ತೂಕ ನೋಡಿ ತಗೋತಾರೆ, ತೆಂಗಿನಕಾಯಿ ತಗೊಂಡ ಹಾಗೆ. ಭಾರ ಇದ್ರೆ ಒಳಗೆ ಸರಕಿದೆ ಅಂತ. ಅದಕ್ಕೇ ಈ ಕಳ್ಳರು ಏನು ಮಾಡ್ತಾರೆ ಗೊತ್ತಾ? ಹುಬ್ಬಳ್ಳೀಲಿ ನಾನು ರಿಪೇರಿ ಅಂಗಡೀಲಿದ್ದಾಗ ಒಂದು ಬಂತು. ಎತ್ತೋಕಾಗಲ್ಲ, ಅಷ್ಟು ಭಾರ. ಬಿಚ್ಚಿದ್ರೆ ಒಳಗೆ ಸಿಮೆಂಟ್ ಉಂಡೆ! ತಗಡಿಗೆ ಅಂಟಿಸಿಟ್ಟಿದಾರೆ, ಮೈಸೂರ್‌ಪಾಕು ಕುಯ್ದಿಟ್ಟ ಹಾಗೆ! ಅಂಗಡಿ ಯಜಮಾನ ದುಂಡಪ್ಪ ಅದನ್ನ ಕಿತ್ತು, ಬಾಗಿಲಿಗೆ ಅಡ್ಡ ಇಟ್ಕೊಂಡ. ಅವನೇ ನನಗೆ ಕೆಲಸ ಕಲಿಸಿದ್ದು. ಅವನು ಅಂತಿದ್ದ, "ಲೇ ಚನ್ನ, ಡಬ್ಬಿ ಮ್ಯಾಲೆ ಬರದದ್ದ ಓದಬ್ಯಾಡ. ಒಳಗ ಏನು ಬಿಟ್ಟಾರ ಅದನ್ನ ಓದು." ಏನು ಬಿಟ್ಟಿದಾರೆ ಅಂದ್ರೆ ಏನು ಹಾಕಿಲ್ಲ ಅಂತ. ಬೋರ್ಡಿನ ಮೇಲೆ ಪ್ರತಿ ಸಾಮಾನಿಗೂ ಜಾಗ ಗುರುತು ಹಾಕಿರ್ತಾರೆ, ಊಟಕ್ಕೆ ಎಲೆ ಹಾಕಿದ ಹಾಗೆ. ಕಳಪೆ ಕಂಪನಿಯವನು ಎಲೆ ಹಾಕಿ ಬಡಿಸೋದೇ ಇಲ್ಲ. ಜಾಗ ಖಾಲಿ ಬಿಟ್ಟು, ಆ ಕಡೆಯಿಂದ ಈ ಕಡೆಗೆ ಒಂದು ತಂತಿ ತುಂಡು ಬೆಸೆದು ಕೈ ತೊಳ್ಕೋತಾನೆ.

ಇದರಲ್ಲೂ ನೋಡು, ಪ್ಲಗ್ ಚುಚ್ಚೋ ಜಾಗದ ಹಿಂದೆ... ಕರೆಂಟು ಒಳಗೆ ಬಂದ ತಕ್ಷಣ ಸೋಸೋ ಜಾಗ ಇದು, ನಿನ್ನ ಕಾಫಿ ಫಿಲ್ಟರ್ ಇದ್ದ ಹಾಗೆ. ಇಲ್ಲಿ ತಂತಿ ಸುತ್ತಿದ ಕಾಯಿಲ್ ಎರಡು, ಹಳದಿ ಪೆಟ್ಟಿಗೆ ಒಂದು, ನೀಲಿ ಬಿಲ್ಲೆ ಎರಡು ಇರ್ಬೇಕು. ಕಳಪೆ ಮಾಲಲ್ಲಿ ಇದ್ಯಾವುದೂ...

ಹಾಂ? ಎಲ್ಲಿ? ... ಹೂಂ, ಅದೇ ಕಾಯಿಲ್. ಇದೆ. ಇರೋದೇನೋ ಇದೆ. ಹೂಂ, ಅದೂ ಇದೆ, ಹಳದಿದು. ಬಿಲ್ಲೆ... ಇದೆ ಮಾರಾಯ್ತಿ, ನೀನು ಬೆರಳು ತೋರಿಸ್ಬೇಡ ಒಂದೊಂದಕ್ಕೂ! ನಾಮ್ ಕೆ ವಾಸ್ತೆ ಹಾಕಿರ್ತಾರೆ. ನಮ್ಮಂಥೋರು ಜಾಲರೀಲಿ ಇಣುಕಿ ನೋಡ್ತಾರೆ ಅಂತ ಗೊತ್ತು ಅವರಿಗೆ. ಮುಂದೆ ಶೋಕಿ, ಹಿಂದೆ ನೋಡು...

ಇದು ದೊಡ್ಡ ಕೆಪಾಸಿಟರ್. ನಮ್ಮ ಮನೆ ಸಂಪು ಇದ್ದ ಹಾಗೆ. ಕಾವೇರಿ ನೀರು ದಿನ ಬಿಟ್ಟು ದಿನ ಬಂದ್ರೂ ನಲ್ಲೀಲಿ ಯಾವಾಗ್ಲೂ ನೀರು ಬರುತ್ತಲ್ಲ, ಸಂಪು ಇರೋದ್ರಿಂದ. ಹಂಗೆ. ಕಳಪೆಯಾದ್ರೆ ಸಂಪಿನ ಜಾಗದಲ್ಲಿ ಬಿಂದಿಗೆ ಇಟ್ಟಿರ್ತಾರೆ. ಇದು... ಇದು ಸ್ವಲ್ಪ ದಪ್ಪಗೇ ಇದೆ. ದಪ್ಪ ಇದ್ರೆ ಏನು, ಮೇಲೆ ಬರೆದಿರೋದು ನೋಡ್ಬೇಕು. ಎಂಬತ್ತೈದು ಡಿಗ್ರಿ ಅಂತಿದ್ರೆ ಬಿಸಿಲಿಗೇ ಸಾಯುತ್ತೆ. ನೂರೈದು ಅಂತಿರ್ಬೇಕು. ಓದು ನೀನೇ. ನನ್ನ ಕಣ್ಣಿಗೆ...

ನೂರೈದಾ? ಸರಿಯಾಗಿ ಓದು. ಕನ್ನಡಕ ಹಾಕ್ಕೊಂಡು ಓದು!

ನೂರೈದು. ಹೂಂ.

ಈ ಅಲ್ಯೂಮಿನಿಯಂ ಹಲಗೆ ಇದೆಯಲ್ಲ, ಬಿಸಿ ಎಳ್ಕೊಳ್ಳೋಕೆ. ರೊಟ್ಟಿ ಹಂಚಿನ ಥರ, ದಪ್ಪ ಇದ್ದಷ್ಟೂ... ಉಗುರಲ್ಲಿ ತಟ್ಟಬೇಡ. ದಪ್ಪ ಇದೆ, ನನಗೂ ಕಾಣ್ತಿದೆ. ಅಕ್ಕಾ, ನೀನು ಸ್ವಲ್ಪ ಅವರೆಕಾಳು ನೋಡ್ಕೋ. ನಾನು ಒಬ್ಬನೇ ನೋಡ್ತೀನಿ. ಎಲ್ಲಾ ಹೇಳಿಕೊಟ್ಟಿದ್ದೇ ತಪ್ಪಾಯ್ತು!

ಏನು ಹಂಗೆ ನೋಡ್ತಿದೀಯಾ? ಇಷ್ಟೆಲ್ಲ ಸರಿ ಇದ್ದಮೇಲೆ ಕಳಪೆ ಹೆಂಗೆ ಅಂತಾನಾ?

ಕಳಪೆ ಅಂದ್ರೆ ಕಳಪೆ! ಚೆನ್ನಾಗಿದ್ರೆ ಯಾಕೆ ಸುಟ್ಟು ಹೋಗ್ತಿತ್ತು? ನೀನೇ ಯೋಚನೆ ಮಾಡು. ವರ್ಷ ಪೂರ್ತಿ ದುಡಿದಿದೆ, ಒಂದು ದಿನ ಕೆಮ್ಮಲಿಲ್ಲ, ಸೀನಲಿಲ್ಲ. ಬೇಸಿಗೇಲಿ ಕರೆಂಟು ಹೋಗಿ ಬಂದು ಹೋಗಿ ಬಂದು... ಆ ಬೀದಿ ಕೊನೆಯವರ ಫ್ರಿಜ್ ಹೋಯ್ತು, ಪಕ್ಕದ್ಮನೆ ತಿಮ್ಮಕ್ಕನ ಟಿವಿ ಹೋಯ್ತು, ಇದಕ್ಕೇನೂ ಆಗಲಿಲ್ಲ. ಮೊನ್ನೆ ಸಾಯಂಕಾಲದ ತನಕ ಗಟ್ಟಿಮುಟ್ಟಾಗಿತ್ತು. ಮೊನ್ನೆ ನೀನು ಆರತಿ ಎತ್ತೋವಾಗಲೂ...

ಏನಿಲ್ಲ. ಸಾಯಂಕಾಲದ ತನಕ ಚೆನ್ನಾಗಿತ್ತು ಅಂದೆ. ನಿನ್ನೆ ಬೆಳಗ್ಗೆ ಭಾವ ಸ್ವಿಚ್ ಒತ್ತಿದ್ರು, ಢಂ ಅಂತು. ಅಷ್ಟೇ. ಯಾಕೆ ಕೈ ನಿಲ್ಲಿಸ್ದೆ? ಹಿತುಕು. ಭಾವನಿಗೆ ಹಿತಕಿದಬೇಳೆ ಸಾರು ಅಂದ್ರೆ ಪ್ರಾಣ. ಸಾರು ಉಂಡ್ರೆ ಸಿಟ್ಟು ಸ್ವಲ್ಪ ಇಳಿಯುತ್ತೆ.

ಬೋರ್ಡು ತಿರುಗಿಸಿ ನೋಡೋಣ. ಬೆಸುಗೆ ನೋಡ್ಬೇಕು ಅದರ ಬೆನ್ನಲ್ಲಿ. ಈ ನಾಲ್ಕು ಸ್ಕ್ರೂ... ಬಂತು. ನೋಡು, ಬೆಸುಗೆ... ಥೂ. ಸಾಸಿವೆ ಕಾಳು ಜೋಡಿಸಿಟ್ಟ ಹಾಗೆ ಮಾಡಿದಾರೆ. ಇದನ್ನ ಹೆಂಗೆ ಬೈಯೋದು? ಒಂದು ಕಡೆನಾದ್ರೂ ಮುದ್ದೆ ಆಗಿರ್ಬಾರ್ದಾ? ಎಲ್ಲಾದ್ರೂ ಒಂದು ಕಡೆ... ಇಲ್ಲ.

ಎಲ್ಲಿ? ಈ ಮೂಲೇದಾ? ಅದು ಕಪ್ಪಾಗಿರೋದು ಸುಟ್ಟಿರೋದು. ಕಿಡಿ ಹಾರಿರೋ ಜಾಗ. ಅದರ ಪಕ್ಕದ್ದಾ? ಅದು... ಅದು ಏನೋ ಕೆಂಪಗೆ... ತುಕ್ಕು. ಹೂಂ, ತುಕ್ಕು! ನೋಡಿದ್ಯಾ, ಕೊನೆಗೂ ಸಿಕ್ತು! ವರ್ಷಕ್ಕೇ ತುಕ್ಕು ಹಿಡಿದಿದೆ ಅಂದ್ರೆ ಎಂಥಾ ಕಳಪೆ ತಗಡು ಹಾಕಿರ್ಬೇಕು. ಇದನ್ನೇ ತೋರಿಸ್ತೀನಿ ಭಾವನಿಗೆ. ಇಲ್ಲ, ತೋರಿಸಲ್ಲ, ಬಾಯಲ್ಲೇ ಹೇಳ್ತೀನಿ. ತೋರಿಸೋಕೆ ಏನಿದೆ? ಇದನ್ನ ಬ್ಲೇಡಲ್ಲಿ ಒಂಚೂರು ಕೆರೆದುಬಿಟ್ರೆ...

ಬಗ್ಗಬೇಡ, ಧೂಳು. ಮೂಗಿಗೆ ಹೋಗುತ್ತೆ. ವಾಸನೆ ಯಾಕೆ ನೋಡ್ತಿದೀಯಾ? ಸುಟ್ಟ ವಾಸನೆ ಅದು. ಸುಟ್ಟಿದ್ದು ಸುಟ್ಟ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?

ಎಲ್ಲಿಗೆ ಎದ್ದೆ? ಕಾಫಿ ಬೇಡ ಅಕ್ಕಾ, ಈಗ ತಾನೇ ಕುಡಿದೆ. ಸರಿ, ಅರ್ಧ ಲೋಟ ಮಾಡು... ಅಕ್ಕಾ? ಸಕ್ಕರೆ ಕಮ್ಮಿ ಹಾಕು!

ಅಯ್ಯೋ, ಇಷ್ಟು ಬೇಗ ಬಂದ್ಯಾ. ಬ್ಲೇಡಾ? ಏನಿಲ್ಲ, ಸುಮ್ನೆ ಕ್ಲೀನ್ ಮಾಡ್ತಿದ್ದೆ. ಏನದು ಕೈಲಿ? ಲಿಂಬೆಹೋಳು ಯಾಕೆ? ಅಕ್ಕಾ, ಏನು ಮಾಡ್ತಿದೀಯಾ? ಬೇಡ, ಹಿಂಡಬೇಡ ಅದರ ಮೇಲೆ! ಹುಳಿ ಬಿದ್ರೆ ಬೋರ್ಡು ಹಾಳಾಗುತ್ತೆ... ಹಾಳಾಗೋಕೆ ಇನ್ನೇನಿದೆ ಅಂತೀಯಾ, ಆದ್ರೂ... ಬೇಡ ಅಕ್ಕಾ. ನನ್ನ ಮಾತು ಕೇಳು. ಒಂದು ಸಲ ಕೇಳು...

...

ಹಳದಿ ಆಯ್ತು.

ಹೂಂ. ತುಕ್ಕು ಹಳದಿ ಆಗಲ್ಲ. ಅರಿಶಿನ ಸುಣ್ಣ ಕಲಸಿದ ನೀರಾದ್ರೆ ಮಾತ್ರ ಹುಳಿ ಬಿದ್ದ ತಕ್ಷಣ ಕೆಂಪು ಬಿಟ್ಟು ಹಳದಿಗೆ ತಿರುಗುತ್ತೆ. ಅಮ್ಮ ಆರತಿ ತಟ್ಟೆ ಕಲೆ ಹಿಂಗೇ ತೆಗೀತಿದ್ಲು. ನಾನು ಅಷ್ಟು ವರ್ಷ ಊರೂರು ತಿರುಗಿ ಟೆಸ್ಟರು, ಮೀಟರು ಅಂತೆಲ್ಲ ಕಲಿತೆ. ಇದು ನನಗೆ ಹೊಳೀಲಿಲ್ಲ ನೋಡು. ಹೊಳೆದಿದ್ರೆ ನಿನಗಿಂತ ಮೊದಲೇ ಒರೆಸಿಬಿಡ್ತಿದ್ದೆ.

ಕೂತ್ಕೋ. ನಿಂತ್ಕೋಬೇಡ ಹಂಗೆ. ಕೂತ್ಕೋ ಅಕ್ಕಾ.

ನನಗೆ ನಿನ್ನೇನೇ ಗೊತ್ತಾಯ್ತು. ಭಾವ ಕೂಗಾಡ್ತಿದ್ರಲ್ಲ, ಆವಾಗ ನಾನು ಬಗ್ಗಿ ಇದರ ಹತ್ತಿರ ಮೂಗಿಟ್ಟೆ. ಒಗ್ಗರಣೇಲಿ ಅರಿಶಿನ ಸೀದ ವಾಸನೆ. ನಿನ್ನ ಅಡುಗೆಮನೆಯಿಂದ ಬರ್ತಿದೆ ಅಂದ್ಕೊಂಡೆ ಮೊದಲು. ಅಲ್ಲ, ಇಲ್ಲಿಂದಾನೇ. ತಕ್ಷಣ ಮೊನ್ನೆ ಸಾಯಂಕಾಲ ನೆನಪಾಯ್ತು. ಭಾವ ಇರಲಿಲ್ಲ. ಧೂಳು ಹೊಡೆಯೋಕೆ ಅಂತ ನಾನು ಸಿಪಿಯು ಮುಚ್ಚಳ ತೆಗೆದು ಟೇಬಲ್ ಮೇಲೆ ಅಡ್ಡ ಮಲಗಿಸಿದ್ದೆ. ಈ ಡಬ್ಬದ ಮೈಮೇಲಿನ ಸೀಳೆಲ್ಲ ಮೇಲಕ್ಕೆ ಬಾಯಿ ತೆರ್ಕೊಂಡಿತ್ತು. ನೀನು ತಟ್ಟೆ ಹಿಡ್ಕೊಂಡು ಬಂದೆ. "ಅಲ್ಲೇ ಕೂತಿರು, ಏಳಬೇಡ" ಅಂದೆ. ತಿಮ್ಮಕ್ಕ ಬೆಳಗ್ಗೆ ಕಾಂಪೌಂಡ್ ಹತ್ತಿರ ನಿಂತು "ಪರವಾಗಿಲ್ವೇ ವಿಜಯಾ, ನಿನ್ನ ತಮ್ಮ ಅಂತೂ ನೆಲೆ ನಿಂತ!" ಅಂದ್ಲಂತೆ. ಅವಳ ಕಣ್ಣು ಬೀಳುತ್ತೆ, ನಾನು ಮತ್ತೆ ಎದ್ದು ಹೋಗ್ತೀನಿ ಅಂತ ನಿನಗೆ ಭಯ. ನನಗೆ ನಿವಾಳಿಸಿದೆ. ಹಣೆಗೆ ಇಟ್ಟೆ. ಆಮೇಲೆ, ಇವನನ್ನ ಇಲ್ಲಿ ಕಟ್ಟಿ ಹಾಕಿರೋದು ಇದೇ ಅಲ್ವಾ ಅಂತ, ಇದಕ್ಕೂ ಒಂದು ಬೊಟ್ಟು ಇಡೋಕೆ ಬಗ್ಗಿದೆ. ತಟ್ಟೆ ಒಂಚೂರು ವಾಲಿತು.

ನಾನೂ ನೋಡಿದೆ ವಾಲಿದ್ದು. ನಗ್ತಿದ್ದೆ ಆವಾಗ. ಚೂರು ಚೆಲ್ಲಿತು, ಒರೆಸಿದ್ವಿ. ಒಳಗೆ ಇಳೀತು ಅಂತ ಯಾರಿಗೆ ಗೊತ್ತು?

ಅಳಬೇಡ. ಅತ್ತು ಏನೂ ಆಗಲ್ಲ.

ಇದು ಒಳ್ಳೆ ಮಾಲು ಅಕ್ಕಾ. ಈಗ ಹೇಳಿಬಿಡ್ತೀನಿ. ಈ ರೇಟಿಗೆ ಇಂಥಾ ಮಾಲು ಇಡೀ ಎಸ್‌ಪಿ ರೋಡಲ್ಲಿ ಇನ್ನೊಂದಿರಲಿಲ್ಲ. ನಾನು ಹುಟ್ಟಿದಾಗಿನಿಂದ ಒಂದು ಸಾಮಾನು ಸರಿಯಾಗಿ ಆರಿಸಿ ತಂದಿದೀನಿ ಅಂದ್ರೆ ಅದು ಇದೇ. ಇದನ್ನ ನನ್ನ ಬಾಯಲ್ಲೇ ಕಳಪೆ ಅಂತ ಬೈಬೇಕು. ಬೆಳಗ್ಗೆಯಿಂದ ಬೈಯೋದು ಪ್ರಾಕ್ಟೀಸ್ ಮಾಡ್ತಿದೀನಿ. ನೀನೇ ನೋಡಿದ್ಯಲ್ಲ, ಬರ್ತಾನೇ ಇಲ್ಲ.

ಆದ್ರೂ ಬೈತೀನಿ ಬಿಡು. ಗಟ್ಟಿ ಅಂದ್ರೆ "ಇನ್ಯಾರು ಏನು ಮಾಡಿದ್ರು" ಅಂತ ವಿಚಾರಣೆ ಶುರು ಆಗುತ್ತೆ. ಮಿಷನ್ ರೂಮಿಗೆ ನೀರು ತರಬೇಡ ಅಂತ ನಿನಗೆ ಎಷ್ಟು ಸಲ ಹೇಳಿದಾರೆ. ಅವರು ಹೊಡೆಯೋರಲ್ಲ, ಬಡಿಯೋರಲ್ಲ. ಮಾತು ಬಿಡ್ತಾರೆ. ಪ್ರೂಫ್ ಹಾಳೆ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟೆ ಅಂತ ಆಷಾಢದಿಂದ ದೀಪಾವಳಿವರೆಗೆ ನಿನ್ನ ಹತ್ತಿರ ಮಾತು ಬಿಟ್ಟಿದ್ರಂತಲ್ಲ. ಗೋಡೆ ನೋಡ್ಕೊಂಡು, "ಯಾರಾದ್ರೂ ಒಂದು ಲೋಟ ನೀರು ಕೊಟ್ರೆ ಚೆನ್ನಾಗಿತ್ತು" ಅನ್ನೋದು! ಒಂದು ಜಾಡಿಗೆ ಅಷ್ಟು. ಇದಕ್ಕೆ, ಇಷ್ಟು ವರ್ಷದ ಡಿಸ್ಕಿಗೆ... ಜನ್ಮಕ್ಕೂ ಗೋಡೆ ಹತ್ತಿರಾನೇ ಮಾತಾಡ್ತಾರೆ.

ಅದಕ್ಕೇ ಕಳಪೆ. ತೀರ್ಪು ಆಯ್ತು. ಬೋರ್ಡು ಒರೆಸಿಬಿಡು, ನಿನ್ನ ಸೆರಗು ಬೇಡ, ಈ ಬನೀನು ತಗೋ. ಹಳದಿ ಇರ್ಬಾರ್ದು. ಕಳ್ಳ ಕಂಪನಿಯವನು ಟೋಪಿ ಹಾಕಿದ ಅಂತ ಹೇಳ್ತೀನಿ. ಭಾವ ನಂಬ್ತಾರೆ. ನನ್ನ ವಿಷಯದಲ್ಲಿ ಕೆಟ್ಟದ್ದು ಏನು ಹೇಳಿದ್ರೂ ಎಲ್ಲರೂ ನಂಬ್ತಾರೆ, ಅದೊಂದು ಅನುಕೂಲ.

ಆದ್ರೆ ಅಕ್ಕಾ...

ಒಂದು ನಿಮಿಷ ಇರು. ಒರೆಸ್ತಾ ಇರ್ಬೇಡ. ನನ್ನ ಮುಖ ನೋಡು.

ಲಿಂಬೆಹೋಳು ತರೋಕೆ ಎದ್ದೆಯಲ್ಲ, ನೀನು ಅದು ಏನಿರಬಹುದು ಅಂತ ಯೋಚನೆ ಮಾಡಲಿಲ್ಲ. ನೆಟ್ಟಗೆ ಎದ್ದೆ, ನೆಟ್ಟಗೆ ತಂದೆ. ನಿನಗೂ ಮುಂಚೇನೇ ಗೊತ್ತಿತ್ತು.

ನಿನ್ನೆ ಭಾವ ರೂಮು ಖಾಲಿ ಮಾಡೋ ಮಾತು ಎತ್ತಿದಾಗ ಒಗ್ಗರಣೆ ಸದ್ದು ನಿಂತಿತ್ತು. ನಾನು ಕೇಳಿಸ್ಕೊಂಡಿದ್ದೆ ಅದು ನಿಂತಿದ್ದನ್ನ. ಈಗ ಬರ್ತಾಳೆ ಅಕ್ಕ, ಕೈ ಒರೆಸ್ಕೊಂಡು ಬಾಗಿಲಿಗೆ ಬಂದು, "ರೀ, ನಾನು ಆರತಿ ಎತ್ತಿದ್ದೆ ಮೊನ್ನೆ" ಅಂತಾಳೆ ಅಂತ... ಬಂದಿದ್ರೆ ನಾನೇ ಬಾಯಿ ಮುಚ್ಚಿಸ್ತಿದ್ದೆ ನಿನ್ನ! ಸುಮ್ನಿರು ಅಕ್ಕಾ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತಿದ್ದೆ. ಆದ್ರೆ ನೀನು ಬರ್ಬೇಕಿತ್ತು. ಬಾಗಿಲವರೆಗೆ.

ಬೈತಿಲ್ಲ ನಾನು. ನಿನ್ನ ಕಷ್ಟ ನನಗೆ ಗೊತ್ತಿಲ್ವಾ? ನನಗೆ ಹೋಗೋಕೆ ಊರುಗಳಿವೆ, ನಿನಗೆ ಈ ಮನೆ ಒಂದೇ. ಸುಮ್ನೆ ಕೇಳ್ತಿದೀನಿ. ಹೇಳ್ಬೇಕು ಅಂತ ನಿನಗೆ ಅನ್ನಿಸ್ತಾದ್ರೂ ಅನ್ನಿಸ್ತಾ? ಹೇಳೋದು ಬೇಡ. ಅನ್ನಿಸಿದ್ರೆ ತಲೆ ಆಡಿಸು, ಸಾಕು.

...

ಅಕ್ಕಾ?

...

ಸರಿ. ಅವರೆಕಾಳು ನೋಡ್ಕೋ.

ಇಲ್ಲ, ಕೋಪ ಇಲ್ಲ. ನಾನೂ ಒಂದು ಮಾತು ಹೇಳದೆ ಬಿಟ್ಟಿದ್ದೆ, ಅದನ್ನೂ ಹೇಳಿಬಿಡ್ತೀನಿ. ಕಾಲು ಗೀಲು ಏನೂ ತುರಿಸ್ತಿಲ್ಲ. ನನಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ. ಆ ಹಿಂದಿನ ರೂಮಲ್ಲಿ ಗೋಡೆಗೆ ಮೊಳೆ ಹೊಡೆದು ಶರ್ಟು ನೇತು ಹಾಕಿದೀನಿ ಅಕ್ಕಾ. ನಾನು ಎಲ್ಲೂ ಮೊಳೆ ಹೊಡೆದೋನಲ್ಲ. ಎಲ್ಲಾ ಊರಲ್ಲೂ ಬ್ಯಾಗಲ್ಲೇ ಬಟ್ಟೆ ಇಟ್ಕೊಂಡು ಬದುಕಿದೋನು. ಇಲ್ಲಿ ಹೊಡೆದೆ. ನೀನು ಇರು ಅಂದಿದ್ರೆ, ಹೆಂಗೋ, ಭಾವನ ಕಾಲಿಗೆ ಬಿದ್ದಾದ್ರೂ...

ಹೋಗ್ಲಿ. ಹೇಳಿಸ್ಕೊಂಡು ಇರೋದು ಇರೋದಲ್ಲ.

ಸ್ಕ್ರೂಡ್ರೈವರ್ ಎಲ್ಲಾ ಈ ಬನೀನಲ್ಲೇ ಸುತ್ತಿಟ್ಟೆ. ಶರ್ಟು ಎರಡು ಒಣಗಿಲ್ಲ, ಹಂಗೇ ತುರುಕ್ತೀನಿ. ಬಲ್ಬು ನಿನ್ನ ಹತ್ತಿರಾನೇ ಇರ್ಲಿ, ಬಚ್ಚಲಿಗೆ ಹಾಕ್ಕೋ, ಅಲ್ಲಿ ಹೋಗಿದೆ. ಎಲ್ಲಿಗೆ ಅಂತ ಕೇಳ್ಬೇಡ. ಬನಶಂಕರಿ ಬಸ್‌ಸ್ಟ್ಯಾಂಡಿಗೆ ಹೋಗ್ತೀನಿ, ಯಾವುದು ಹೊರಡ್ತಿರುತ್ತೋ ನೋಡೋದು. ಭಾವನ ಹತ್ತಿರ ಗೇಟಲ್ಲೇ ಹೇಳಿಬಿಡ್ತೀನಿ, "ಕಳಪೆ ಭಾವ, ನೀವು ಹೇಳಿದ್ದೇ ಸರಿ" ಅಂತ. ಒಳಗೆ ಬಂದು ನಿನ್ನ ಮುಖ ನೋಡೋಕೆ ಮುಂಚೆ. ನೀನು ಒಳಗೇ ಇರು, ಮುಖ ತೊಳ್ಕೋ.

ಬಂತು ನೋಡು ಸ್ಕೂಟರ್ ಸದ್ದು. ಬೇಗ, ಈ ಬ್ಯಾಗಿನ ಜಿಪ್ಪು ಸರಿ ಇಲ್ಲ, ಎರಡು ಕಡೇನೂ ಯಾರಾದ್ರೂ ಹತ್ತಿರ ಹಿಡ್ಕೊಂಡ್ರೆ ಮಾತ್ರ ಎಳೆಯೋಕಾಗೋದು. ಸ್ವಲ್ಪ ಹಿಡಿ. ಹಾಂ, ಹಂಗೆ. ಎಳೀತೀನಿ... ಸ್ವಲ್ಪ ಸಡಿಲ ಬಿಡು. ಇಷ್ಟು ಬಿಗಿಯಾಗಿ ಹಿಡ್ಕೊಂಡ್ರೆ ಹೆಂಗೆ ಬರುತ್ತೆ?

ಅಕ್ಕಾ... ಅವರೆಕಾಳಿನ ಕೈ, ಬ್ಯಾಗೆಲ್ಲ ಜಿಡ್ಡಾಗ್ತಿದೆ.

ಬಾಯಲ್ಲಿ ಒಂದು ಮಾತಿಲ್ಲ, ಮತ್ತೆ ಇದೇನು ಹಿಂಗೆ ಹಿಡ್ಕೊಂಡು...

ಗೇಟು ತೆಗೀತಿದಾರೆ. ಬಿಡು ಅಕ್ಕಾ.

ಬಿಡು.